ಹೆಸರಿನ ನುಡಿ

ನಮ್ಮ ಕಡೆ ಡೊಳ್ಳಿನ ಪದಕ್ಕೆ ಒಂದು ಕಟ್ಟುಪಾಡಿದೆ. ಪದ ಎಷ್ಟೇ ಉದ್ದವಿರಲಿ, ಯಾರ ಕಥೆಯೇ ಇರಲಿ, ಕೊನೆಗೆ ಒಂದು ನುಡಿ ಬರಲೇಬೇಕು. ಊರು ಯಾವುದು, ದೇವರು ಯಾವುದು, ಪದ ಕಟ್ಟಿದವರು ಯಾರು ಎಂದು ಹೇಳುವ ನುಡಿ. ಹೆಸರಿನ ನುಡಿ ಅನ್ನುತ್ತೇವೆ. ಅದು ಬರುವವರೆಗೆ ಜನ ಪದ ಮುಗಿಯಿತೆಂದು ಒಪ್ಪುವುದಿಲ್ಲ, ಕಾಯುತ್ತಾ ಕೂತೇ ಇರುತ್ತಾರೆ.

ಇನ್ನೊಂದು ಕಟ್ಟುಪಾಡೂ ಇದೆ. ಎರಡು ಮೇಳ ಎದುರುಬದುರಾಗಿ ಹಾಡುವಾಗ, ಪದದೊಳಗಿನ ಯಾವ ಮಾತನ್ನಾದರೂ ಹಿಡಿದು ಎದುರಿನವರು ಸವಾಲು ಹಾಕಬಹುದು. ಜವಾಬು ಕೊಡಬೇಕಾದವರು ಹಾಡಿದವರಲ್ಲ, ಹೆಸರಿನ ನುಡಿಯಲ್ಲಿ ಯಾರ ಹೆಸರಿದೆಯೋ ಅವರು. ಜವಾಬು ಬರದಿದ್ದರೆ ಈ ಪದ ನನ್ನದಲ್ಲ ಎಂದು ಹತ್ತು ಮಂದಿ ಮುಂದೆ ಒಪ್ಪಿಕೊಳ್ಳಬೇಕು.

ನಾನು ಹದಿನಾಲ್ಕನೇ ವಯಸ್ಸಿನಿಂದ ಪದ ಕಟ್ಟುತ್ತಿದ್ದೇನೆ. ಈಗ ಇಪ್ಪತ್ತೆಂಟು. ನೂರ ಹನ್ನೊಂದು ಪದವಾಗಿವೆ, ನೂರ ಹನ್ನೊಂದರ ಕೊನೆಯಲ್ಲೂ ಇರುವುದು ನಮ್ಮ ಮಾಮ, ಪಾಮನಕಲ್ಲೂರಿನ ದ್ಯಾವಪ್ಪನ ಹೆಸರು. ನನ್ನ ಹೆಸರು ರೇಣುಕಾದೇವಿ. ಅದನ್ನು ರೇಷನ್ ಕಾರ್ಡಿನಲ್ಲಿ ನೋಡಬಹುದು.

ಅವ್ವ ತೀರಿಕೊಂಡಾಗ ನನಗೆ ಆರು ವರ್ಷ. ಅಪ್ಪ ಮರುಮದುವೆಯಾಗಿ ತುರ್ವಿಹಾಳದ ಕಡೆ ಹೋಗಿಬಿಟ್ಟ. ಅವ್ವನ ತಮ್ಮ ದ್ಯಾವಪ್ಪ ಮಾಮ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರಿಗೆ ತಂದ. ಉಣ್ಣಲು, ಓದಲು ಏನೂ ಕಡಿಮೆ ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದನ್ನು ಕೇಳಿ ಮಾಮ ರಾಕ್ಷಸನಿರಬೇಕು ಅಂದುಕೊಳ್ಳುತ್ತೀರಿ. ರಾಕ್ಷಸನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು, ನಾಲ್ಕು ಬೈದು ಎದ್ದು ಬರುತ್ತಿದ್ದೆ.

ಯಾರಾದರೂ ನನ್ನ ಮುಖ ನೋಡಿ ಆರಾಮ ಅದೀಯೇನಬೇ ಎಂದು ಕೇಳಿದರೆ, ಆರಾಮ ಅದಾಳ ಎಂದು ಮಾಮನೇ ಹೇಳುತ್ತಿದ್ದ. ಜ್ವರ ಬಂದು ನಡುಗುತ್ತಿದ್ದಾಗಲೂ ನಾನು ಆರಾಮವಾಗಿದ್ದೆ. ನನ್ನ ಫೋನು ಮನೆಯಲ್ಲಿ ಅವನ ಅಂಗಿಯ ಜೇಬಿನಲ್ಲಿರುತ್ತಿತ್ತು. ಲಿಂಗಸುಗೂರಿನಲ್ಲಿ ಅರ್ಜಿ ಟೈಪ್ ಮಾಡಿಕೊಡುವ ಅಂಗಡಿಯೊಂದರಲ್ಲಿ ನನಗೆ ಕೆಲಸ. ಅಲ್ಲಿಗೆ ಹೋಗುವಾಗ ಮಾತ್ರ ಫೋನು ನನ್ನ ಕೈಗೆ ಬರುತ್ತಿತ್ತು, ಅದೂ ಅವನು ಮಾಡಿದಾಗ ಎತ್ತಲಿಕ್ಕೆ. ಬಸ್ಸು ಹತ್ತಿದಾಗ ಒಂದು ಸಲ, ಇಳಿದಾಗ ಒಂದು ಸಲ, ಬುತ್ತಿ ಬಿಚ್ಚುವ ಹೊತ್ತಿಗೆ ಇನ್ನೊಂದು ಸಲ. ಎರಡನೇ ರಿಂಗಿಗೆ ಎತ್ತದಿದ್ದರೆ ಅಂಗಡಿಯ ಮಾಲೀಕರಿಗೆ ಮಾಡುತ್ತಿದ್ದ. ಹಾಡುವಾಗ ನನ್ನ ಎಡಕ್ಕೆ ಎರಡು ಹೆಜ್ಜೆ ಹಿಂದೆ ನಿಲ್ಲುತ್ತಿದ್ದ. ಉಸಿರು ಎಲ್ಲಿ ಎಳೆದುಕೊಳ್ಳಬೇಕು ಎಂಬುದಕ್ಕೂ ಅವನ ಕೆಮ್ಮಿನ ಸನ್ನೆ ಇತ್ತು. ಎದುರಿನವರು ಹಾಕಬಹುದಾದ ಸವಾಲಿಗೆಲ್ಲ ಜವಾಬನ್ನು ಮಾತ್ರ ನಾನೇ ಅವನಿಗೆ ಮೊದಲೇ ಬಾಯಿಪಾಠ ಮಾಡಿಸಿರುತ್ತಿದ್ದೆ. ಏಕೆ ಹೀಗೆ ಎಂದರೆ ಒಂದೇ ಉತ್ತರ, ನಿನ್ನ ಒಳ್ಳೇದಕ್ಕ.

ಅತ್ತೆ ಕನಕಮ್ಮ ಏನೂ ಅನ್ನುತ್ತಿರಲಿಲ್ಲ. ಮೇಳದವರು ತಾಲೀಮಿಗೆ ಬಂದಾಗಲೆಲ್ಲ ಅವರಿಗೆ ರೊಟ್ಟಿ ಬಡಿಯುತ್ತಾ ಒಲೆಯ ಮುಂದೆ ಮೂವತ್ತು ವರ್ಷ ಕಳೆದಿದ್ದಾಳೆ. ಗೋಡೆಯ ಆಚೆಯಿಂದ ಎಲ್ಲ ಪದವೂ, ಎಲ್ಲ ಸವಾಲು ಜವಾಬೂ ಅವಳ ಕಿವಿಗೆ ಬಿದ್ದಿವೆ. ಆದರೂ ಒಂದು ಸಾಲು ಗುನುಗಿದ್ದನ್ನು ನಾನು ಕೇಳಿರಲಿಲ್ಲ.

ಹೀಗೆಯೇ ನಡೆಯುತ್ತಿತ್ತೇನೋ. ಆದರೆ ಈ ವರ್ಷದ ಶ್ರಾವಣದಲ್ಲಿ ಸಿಂಧನೂರಿನಿಂದ ಯಾರೋ ಹಾಡು ರೆಕಾರ್ಡ್ ಮಾಡುವವರು ನನ್ನ ನಂಬರಿಗೆ ಫೋನ್ ಮಾಡಿದರು. ಮಾಮ ಎತ್ತಿದ. ಪದ ಬರೆಯುವ ಹುಡುಗಿ ಇದ್ದಾಳಂತಲ್ಲ ಎಂದು ಅವರು ಕೇಳಿರಬೇಕು. ಮಾಮ ನಕ್ಕು, ಬರೆಯುವುದು ಎಲ್ಲಿ ಬಂತು, ಅಕ್ಷರ ದುಂಡಗಿವೆ ಅಂತ ನಾನು ಹೇಳಿದ್ದನ್ನು ಆಕೆಯ ಕೈಲಿ ಬರೆಸುತ್ತೇನೆ ಅಂದ. ನಾನು ಅಲ್ಲೇ ಕಾಳು ಆರಿಸುತ್ತಾ ಕೂತಿದ್ದೆ. ನಾನು ಕೇಳಿಸಿಕೊಂಡರೆ ಏನಂದುಕೊಂಡೇನು ಎಂಬ ಯೋಚನೆಯೂ ಅವನಿಗೆ ಬರಲಿಲ್ಲ. ನನಗೆ ಬಂದ ಸಿಟ್ಟಿಗೆ ಮೊರದಲ್ಲಿದ್ದ ಕಲ್ಲನ್ನೂ ಕಾಳನ್ನೂ ಒಟ್ಟಿಗೆ ಡಬ್ಬಿಗೆ ಸುರಿದೆ. ಮರುದಿನ ಬೇಳೆಯಲ್ಲಿ ಎಲ್ಲರ ಹಲ್ಲೂ ಕಟಕಟ ಎಂದವು.

ಅದೇ ವಾರ ಮಸ್ಕಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಇಶ್ತಿಯಾಕ್ ನಮ್ಮ ಅಂಗಡಿಗೆ ಅರ್ಜಿ ಟೈಪ್ ಮಾಡಿಸಲು ಬಂದ. ಸಿಂಧನೂರಿನಲ್ಲಿ ಹುಡುಗರ ಸಂಘವೊಂದು ಸಂಗೀತದ ಕಾರ್ಯಕ್ರಮ ಇಟ್ಟುಕೊಂಡಿತ್ತು, ಅದರ ಮೈಕಿನ ಪರವಾನಗಿಗೆ. ಇಶ್ತಿಯಾಕ್ ಗಿಟಾರ್ ಬಾರಿಸುತ್ತಾನೆ. ತಾನು ರಾಕ್ ಬ್ಯಾಂಡ್ ಕಟ್ಟುತ್ತಿದ್ದೇನೆ, ಎಲ್ಲ ಇದೆ, ಹಾಡೂ ಹಾಡುವವರೂ ಇಲ್ಲ ಎಂದು ಗೋಳು ತೋಡಿಕೊಂಡ. ಬ್ಯಾಂಡಿನಲ್ಲಿ ಈಗ ಯಾರ್‍ಯಾರಿದ್ದಾರೆ ಎಂದರೆ, ನಾನು ಮತ್ತು ಗಾಳೆಪ್ಪ ಅಂದ. ಗಾಳೆಪ್ಪ ನಮ್ಮ ಮೇಳದವನೇ, ಮಾಮನ ಡೊಳ್ಳು ಬಾರಿಸುವವನು. ಹಗಲು ಲಿಂಗಸುಗೂರಿನಲ್ಲಿ ಹಮಾಲಿ ಮಾಡುತ್ತಿದ್ದ. ರಾಕ್ ಅಂದರೇನು ಎಂದು ಅವನು ಇಶ್ತಿಯಾಕನನ್ನು ಕೇಳಿದ್ದನಂತೆ. ಇದ್ದ ಸಿಟ್ಟನ್ನೆಲ್ಲ ಜೋರಾಗಿ ಹಾಡೋದು ಎಂದು ತಿಳಿದ ಮೇಲೆ, ಹಾಗಾದರೆ ನಮ್ಮವ್ವ ದಿನಾ ಮುಂಜಾನೆ ಹಾಡುತ್ತಾಳೆ ಅಂದನಂತೆ.

ಹಾಡು ನಾನು ಕೊಡುತ್ತೇನೆ ಎಂದೆ. ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಒಂದೇ ಮಧ್ಯಾಹ್ನ ಬರೆದೆ, ಅಂಗಡಿಯ ಕಂಪ್ಯೂಟರಿನಲ್ಲಿ, ಯಾರದೋ ಪಹಣಿ ತಿದ್ದುಪಡಿ ಅರ್ಜಿಯ ಕೆಳಗೆ.

ನೀ ಹಾಕಿದ ಬಾಗಿಲಾ, ನಾ ತಗದ ಚಿಲಕ
ಹೊಂಟೀನಿ ನಾ ಈಗ, ನಿಂದರಬ್ಯಾಡ ಅಡ್ಡ
ಬಿಡು ನನ್ನ ಉಸರು, ಅದು ನಂದು
ಬಿಡು ನನ್ನ ಹೆಸರು, ಅದು ನಂದು

ನನ್ನ ಬಾಯಾಗ ನಿನ್ನ ಮಾತ ಇಟ್ಟಿ
ಉಗುಳಾಕ ಬಿಡಲಿಲ್ಲ, ನುಂಗಾಕ ಬಿಡಲಿಲ್ಲ
ಇವತ್ತ ಉಗಳೀನಿ, ಬಾಯಿ ತೊಳದೀನಿ
ಇನ್ನ ಆಡೂದೆಲ್ಲ ನಂದ ಮಾತ

ಇಂಥವು ನಾಲ್ಕು ನುಡಿ. ಐದನೆಯದು ಬರೆಯಲಿಲ್ಲ. ಬೇಕಂತಲೇ ಬಿಟ್ಟೆ. ನನ್ನ ಹೆಸರು ಹಾಕುವಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ, ಮಾಮನ ಹೆಸರು ಹಾಕಿದರೆ ಹಾಡು ಬರೆದು ಏನು ಬಂತು ಎಂದು ನಾಲ್ಕಕ್ಕೇ ನಿಲ್ಲಿಸಿದೆ. ಒಂದೇ ಒಂದು ಸಲ, ಮಾಮ ಹಿಂದೆ ಇಲ್ಲದೆ, ನಾನು ಕಟ್ಟಿದ್ದನ್ನು ನಾನೇ ಹಾಡಬೇಕು. ಅದಾದ ಮೇಲೆ ಏನಾದರೂ ಆಗಲಿ ಎಂದಿದ್ದೆ.

ಹದಿನೈದು ದಿನ ಊಟದ ಹೊತ್ತಿನಲ್ಲಿ ಗಾಳೆಪ್ಪ ದುಡಿಯುವ ಗೋದಾಮಿನಲ್ಲಿ, ಗೊಬ್ಬರದ ಚೀಲಗಳ ನಡುವೆ ತಾಲೀಮು. ಮಾಮನ ಫೋನು ಬಂದರೆ ಇಶ್ತಿಯಾಕ್ ಗಿಟಾರಿನ ತಂತಿಯ ಮೇಲೆ ಅಂಗೈ ಇಡುತ್ತಿದ್ದ, ಗಾಳೆಪ್ಪ ಉಸಿರು ಹಿಡಿಯುತ್ತಿದ್ದ, ನಾನು ಉಣ್ಣಾಕತ್ತೀನಿ ಮಾಮ ಅನ್ನುತ್ತಿದ್ದೆ. ಆಮೇಲೆ ಮೂವರೂ ನಗುತ್ತಿದ್ದೆವು. ಆದರೆ ನನಗೆ ನಗುವಿನ ಜೊತೆ ನಾಚಿಕೆಯೂ ಆಗುತ್ತಿತ್ತು. ಇಪ್ಪತ್ತೆಂಟು ವರ್ಷದವಳು ಉಂಡದ್ದಕ್ಕೆ ಸುಳ್ಳು ಸಾಕ್ಷಿ ಹೇಳಬೇಕಾಗಿತ್ತು.

ಕಾರ್ಯಕ್ರಮ ಭಾನುವಾರ ಮಧ್ಯಾಹ್ನ, ಸಿಂಧನೂರಿನ ಒಂದು ಕಲ್ಯಾಣ ಮಂಟಪದಲ್ಲಿ. ಕಂಪ್ಯೂಟರ್ ಪರೀಕ್ಷೆ ಇದೆ ಎಂದು ಮನೆಯಲ್ಲಿ ಹೇಳಿದೆ. ಮಾಮ ಹಾಲ್ ಟಿಕೆಟ್ ಕೇಳಿದ. ಟೈಪಿಂಗ್ ಅಂಗಡಿಯವಳಿಗೆ ಹಾಲ್ ಟಿಕೆಟ್ ಮಾಡಿಕೊಳ್ಳುವುದು ಎಷ್ಟು ಹೊತ್ತಿನ ಕೆಲಸ, ತೋರಿಸಿದೆ. ಅತ್ತೆ ಅದನ್ನು ಓದದೆಯೇ ನನ್ನ ಮುಖ ಓದಿದಳು. ಬುತ್ತಿಗೆ ಒಂದು ರೊಟ್ಟಿ ಹೆಚ್ಚಿಗೆ ಇಟ್ಟಳು, ಅಷ್ಟೇ.

ನಾನು ಬಸ್ಸು ಹತ್ತಿದ ಮೇಲೆ ಆದದ್ದು ನನಗೆ ಆಮೇಲೆ ತಿಳಿಯಿತು. ಇಶ್ತಿಯಾಕ್ ಎಂಬ ಜಾಣ ಕಾರ್ಯಕ್ರಮದ ಪೋಸ್ಟರಿನಲ್ಲಿ ಹಾಡುವವರು ರೇಣುಕಾ ಎಂದು ಕೆಂಪು ಅಕ್ಷರದಲ್ಲಿ ಹಾಕಿಸಿ, ಸಿಕ್ಕ ಸಿಕ್ಕ ವಾಟ್ಸಾಪ್ ಗುಂಪಿಗೆಲ್ಲ ಕಳಿಸಿದ್ದ. ಅದು ಸುತ್ತಿ ಸುತ್ತಿ ನಮ್ಮ ಮೇಳದ ಗುಂಪಿಗೇ ಬಂತು. ಮಾಮ ಗಾಡಿ ತೆಗೆದ. ಹೆಣ್ಣುಮಗಳನ್ನು ಎಳೆದು ತರಲು ಜೊತೆಗೊಬ್ಬ ಹೆಣ್ಣುಮಗಳು ಇರಲಿ ಎಂದು ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಸಿಂಧನೂರಿನ ದಾರಿ ಹಿಡಿದ.

ಮಂಟಪ ತುಂಬಿತ್ತು. ಪೇಟೆಯ ಹುಡುಗರು ಮುಂದೆ, ಸುತ್ತಲ ಹಳ್ಳಿಯವರು ಹಿಂದೆ. ಇಶ್ತಿಯಾಕ್ ಗಿಟಾರಿನ ಒಂದು ಎಳೆ ಎಳೆದ, ಗಾಳೆಪ್ಪ ಡೊಳ್ಳಿಗೆ ಕೋಲು ಹಾಕಿದ, ನಾನು ಬಾಯಿ ತೆಗೆದೆ. ನನ್ನ ದನಿ ಅಷ್ಟು ದೊಡ್ಡದು ಎಂದು ನನಗೇ ಗೊತ್ತಿರಲಿಲ್ಲ. ಎಡಕ್ಕೆ ಎರಡು ಹೆಜ್ಜೆ ಹಿಂದೆ ಯಾರೂ ಇರಲಿಲ್ಲ. ನನಗೆ ಬೇಕಾದಲ್ಲಿ ಉಸಿರೆಳೆದುಕೊಂಡೆ. ಅದರ ಸುಖವನ್ನು ಹೇಳಲಾರೆ.

ಎರಡನೇ ನುಡಿಯಲ್ಲಿ ಇರುವಾಗ ಬಾಗಿಲಲ್ಲಿ ಮಾಮ ಕಂಡ. ಹಿಂದೆ ಸೆರಗು ಹೊದ್ದ ಅತ್ತೆ.

ಸುಳ್ಳು ಯಾಕೆ ಹೇಳಲಿ, ಮೂರನೇ ನುಡಿ ಹೆದರಿಕೆಯಲ್ಲಿ ಹಾಡಿದೆ. ಅವನು ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ವೇದಿಕೆಯ ಕಡೆ ಬರತೊಡಗಿದ. ನಾಲ್ಕನೆಯದನ್ನು ಸಿಟ್ಟಿನಲ್ಲಿ, ಅವನ ಕಣ್ಣಿಗೆ ಕಣ್ಣು ಕೊಟ್ಟು ಹಾಡಿ, ಮೊದಲ ನುಡಿಯನ್ನು ಇನ್ನೊಮ್ಮೆ ಪೂರ್ತಿ ಹಾಡಿದೆ. ಬಿಡು ನನ್ನ ಹೆಸರು, ಅದು ನಂದು. ಹುಡುಗರು ಕುರ್ಚಿ ಬಿಟ್ಟು ಎದ್ದು ಕುಣಿಯುತ್ತಿದ್ದರು. ಹಾಡು ಮುಗಿಯಿತು. ಮುಗಿಯಬೇಕಾಗಿತ್ತು.

ಹಿಂದೆ ಕೂತ ಹಳ್ಳಿಯವರು ಮಾತ್ರ ಚಪ್ಪಾಳೆ ತಟ್ಟದೆ ಕಾಯುತ್ತಿದ್ದರು. ಅವರ ಮುಖ ನೋಡಿದ ಗಾಳೆಪ್ಪನ ಕೈ, ಹನ್ನೆರಡು ವರ್ಷದ ರೂಢಿಯಲ್ಲಿ, ಹೆಸರಿನ ನುಡಿಗೆ ಮುಂಚೆ ಕೊಡುವ ಮೂರು ಬಿಗಿ ಪೆಟ್ಟು ಕೊಟ್ಟುಬಿಟ್ಟಿತು. ಆ ಮೂರು ಪೆಟ್ಟು ಕೇಳಿದರೆ ನನ್ನ ಬಾಯಿ ನನ್ನನ್ನು ಕೇಳುವುದಿಲ್ಲ.

ಊರು ಪಾಮನಕಲ್ಲೂರ, ಮಸ್ಕಿಯ ಬಾಜೂಕ
ಬೀರಲಿಂಗನ ಗುಡಿ ಊರಿನ ನಡುವಕ
ಹಾಡ ಕಟ್ಟಿದ ಕವಿ ದ್ಯಾವಪ್ಪ, ಗೊತ್ತಿರಲಿ ಜನಕ

ಹಾಡಿ ಮುಗಿದ ಮೇಲೆ ನನಗೆ ಎಚ್ಚರವಾಯಿತು. ಮಾಮನಿಂದ ಬಿಡಿಸಿಕೊಳ್ಳುವ ಹಾಡನ್ನು ಮಾಮನ ಹೆಸರಿಗೇ ಬರೆದುಕೊಟ್ಟಿದ್ದೆ. ವೇದಿಕೆ ಬಿರಿದು ಒಳಗೆ ಎಳೆದುಕೊಳ್ಳಬಾರದೆ ಅನ್ನಿಸಿತು. ಗಾಳೆಪ್ಪ ಡೊಳ್ಳಿನ ಹಿಂದೆ ಮುಖ ಮುಚ್ಚಿಕೊಂಡ.

ಜನ ಈಗ ಚಪ್ಪಾಳೆ ಹೊಡೆದರು. ಹಳ್ಳಿಯವರು ತಿರುಗಿ ನೋಡಿ, ದ್ಯಾವಪ್ಪ ಇಲ್ಲೇ ಇದ್ದಾನೆ ಎಂದು ದಾರಿ ಬಿಟ್ಟರು. ನನ್ನ ರಟ್ಟೆ ಹಿಡಿದು ಎಳೆಯಲು ಬರುತ್ತಿದ್ದ ಮಾಮನನ್ನು ಸಂಘದವರು ರಟ್ಟೆ ಹಿಡಿದು ವೇದಿಕೆಗೆ ಹತ್ತಿಸಿದರು, ಶಾಲು ಹೊದಿಸಿದರು, ಕೈಗೆ ಮೈಕ್ ಕೊಟ್ಟರು. ಮಾಮನ ಮುಖದ ಸಿಟ್ಟು ನೋಡನೋಡುತ್ತಲೇ ಇಳಿದು ಹೋಯಿತು. ಅವನು ಎಂದೂ ಪದದ ಅರ್ಥಕ್ಕೆ ಕಿವಿ ಕೊಟ್ಟವನಲ್ಲ, ನನ್ನ ಉಸಿರು ಎಣಿಸುತ್ತಾ ಕೊನೆಯ ನುಡಿಗೆ ಕಾಯುತ್ತಿದ್ದವನು. ಹೊಸ ಕಾಲದ ಹುಡುಗರಿಗೆ ಹಿಡಿಸುವ ಹಾಗೆ ಕಟ್ಟಿದ್ದೇನೆ, ಹಾಡು ನಂದು, ಹುಡುಗಿಗೆ ನಾನೇ ಕಲಿಸಿ ಕಳಿಸಿದ್ದೆ ಎಂದ.

ನನಗೆ ಅಳು ಬಂತು. ಕೊನೆಗೆ ಇದೂ ಹೋಯಿತಲ್ಲ ಎಂದು ಬಾಯಿಗೆ ವೇಲು ಒತ್ತಿಕೊಂಡೆ.

ಆಗ ಹೆಂಗಸರ ಸಾಲಿನಿಂದ ಒಂದು ದನಿ ಬಂತು. ಮೈಕ್ ಇರಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು.

"ಹೆಸರಿದ್ದವರಿಗೆ ಒಂದು ಸವಾಲು ಐತಿ."

ಅತ್ತೆ ಎದ್ದು ನಿಂತಿದ್ದಳು. ಸೆರಗು ಹೆಗಲಿಗೆ ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ. ಹಳ್ಳಿಯವರಿಗೆ ಸವಾಲು ಎಂದರೆ ಸಾಕು, ಯಾರು ಯಾರಿಗೆ ಹಾಕಿದರು ಎಂದೂ ನೋಡದೆ, ಕೇಳ್ರಿ ಕೇಳ್ರಿ ಎಂದರು. ಮಾಮ ಕಣ್ಣಿನಲ್ಲೇ ಕೂಡು ಎಂದು ಸನ್ನೆ ಮಾಡಿದ. ಅತ್ತೆ ಆ ಕಡೆ ನೋಡಲಿಲ್ಲ.

"ನೀ ಹಾಕಿದ ಬಾಗಿಲಾ ಅಂತ ಹಾಡಿನಾಗ ಬಂದೈತಿ. ಬಾಗಿಲಾ ಹಾಕಿದಾತ ಯಾರು? ಹಾಡು ಕಟ್ಟಿದವರು ನೀವಂದ್ರ, ಜವಾಬು ಕೊಡ್ರಿ."

ಮಾಮ ಮೈಕನ್ನು ಬಾಯಿಯವರೆಗೆ ತಂದ, ಕೆಳಗಿಳಿಸಿದ. ಸವಾಲು ಬಿದ್ದ ಮೇಲೆ ಜವಾಬು ಬರುವವರೆಗೆ ಡೊಳ್ಳು ಸಣ್ಣಗೆ ನುಡಿಯುತ್ತಿರಬೇಕು. ಗಾಳೆಪ್ಪನ ಕೈ ಅದನ್ನೂ ಮರೆಯಲಿಲ್ಲ. ಡುಬ್, ಡುಬ್ ಎಂದು ಒಂದೊಂದೇ ಪೆಟ್ಟು. ಮಾಮ ಮೊದಲ ಸಲ ನಾಲ್ಕೂ ನುಡಿಯನ್ನು ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದಾನೆ ಎಂದು ನನಗೆ ಅವನ ತುಟಿ ನೋಡಿ ತಿಳಿಯಿತು. ಒಂದೊಂದು ಸಾಲಿಗೂ ಮುಖದ ಬಣ್ಣ ಬದಲಾಯಿತು. ಕೊನೆಗೆ ನನ್ನ ಕಡೆ ನೋಡಿದ. ನಾನು ತಲೆ ಕೆಳಗೆ ಹಾಕಲಿಲ್ಲ.

ಅವನಿಗೆ ಎರಡೇ ದಾರಿ ಇದ್ದವು. ಹಾಡು ನಂದು ಎಂದರೆ ಬಾಗಿಲು ಹಾಕಿದವನ ಹೆಸರು ಹೇಳಬೇಕು. ನಂದಲ್ಲ ಎಂದರೆ ಯಾರದು ಎಂದು ಹೇಳಬೇಕು. ಸುಳ್ಳು ಜವಾಬು ಕೊಡಬಹುದಿತ್ತು, ಜನ ನಂಬುತ್ತಿದ್ದರು. ಆದರೆ ಮಾಮ ನನಗೆ ಏನೇ ಮಾಡಿರಲಿ, ಡೊಳ್ಳಿನ ಮುಂದೆ ನಿಂತು ಸುಳ್ಳು ಜವಾಬು ಕೊಟ್ಟವನಲ್ಲ.

"ಈ ಹಾಡು ನಂದಲ್ಲ," ಎಂದ. ಮೈಕಿನಲ್ಲಿ ಅವನ ಉಸಿರು ಕೇಳುತ್ತಿತ್ತು. "ನಮ್ಮ ರೇಣುಕಾಂದು. ಹಿಂದಿನವೂ ಆಕೀವ."

ಡೊಳ್ಳು ನಿಂತಿತು. ಮಾಮ ಶಾಲನ್ನು ತೆಗೆದು ಮಡಚಿ ಕುರ್ಚಿಯ ಮೇಲಿಟ್ಟು ಇಳಿದು ಹೋದ. ಜನ ಏನು ಕೂಗಿದರೋ, ಎಷ್ಟು ಚಪ್ಪಾಳೆ ಬಿತ್ತೋ ನನಗೆ ನೆನಪಿಲ್ಲ. ಎದೆಯ ಮೇಲೆ ಹದಿನಾಲ್ಕು ವರ್ಷದಿಂದ ಕೂತಿದ್ದು ಎದ್ದು ಹೋದದ್ದು ಮಾತ್ರ ಗೊತ್ತಾಯಿತು. ಅಲ್ಲೇ ವೇದಿಕೆಯ ಮೇಲೆ ಕಾಲು ಚಾಚಿ ಕೂತುಬಿಟ್ಟೆ. ಇಶ್ತಿಯಾಕ್ ನೀರಿನ ಬಾಟಲಿ ಕೊಟ್ಟ, ಪೂರ್ತಿ ಕುಡಿದೆ.

ಹೊರಗೆ ಬಂದಾಗ ಮಾಮ ಗಾಡಿಯ ಹತ್ತಿರ ನಿಂತಿದ್ದ. ಬಿಸಿಲು ಇನ್ನೂ ಇತ್ತು. ಬೈಯುತ್ತಾನೆ ಎಂದುಕೊಂಡೆ, ಬೈಯಲಿಲ್ಲ.

"ಬಾಗಿಲಾ ಹಾಕಿದಾತ ನಾನೇನಬೇ?"

"ಹೌದು ಮಾಮ."

ನಿನ್ನ ಒಳ್ಳೆಯದಕ್ಕೇ ಹಾಕಿದ್ದೆ ಎಂದ. ಅದು ನನಗೆ ಗೊತ್ತು, ಆದರೂ ಹಾಕಿದ್ದು ಖರೇ ಎಂದೆ. ಇಷ್ಟು ಹೇಳಲು ನನಗೆ ಸಿಟ್ಟು ಬೇಕಾಗಲಿಲ್ಲ, ಅದೇ ನನಗೆ ಆಶ್ಚರ್ಯ. ಇನ್ನು ಮೇಲೆ ಫೋನು ನನ್ನ ಹತ್ತಿರವೇ ಇರುತ್ತದೆ, ಹಾಡಲಿಕ್ಕೆ ಒಬ್ಬಳೇ ಹೋಗುತ್ತೇನೆ, ನೀ ಕೇಳಲಿಕ್ಕೆ ಬಂದರೆ ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ ಎಂದು ಅದನ್ನೂ ಹೇಳಿಬಿಟ್ಟೆ. ಮಾಮ ಗಾಡಿಗೆ ಕಿಕ್ ಹೊಡೆದು ಅತ್ತೆಗೆ ಹತ್ತು ಎಂದ.

ಅತ್ತೆ ಹತ್ತಲಿಲ್ಲ. ನೀವು ನಡೆಯಿರಿ, ನಾನು ಈಕೆಯ ಜೊತೆ ಬಸ್ಸಿಗೆ ಬರುತ್ತೇನೆ ಎಂದಳು. ಮಾಮ ಸ್ವಲ್ಪ ಹೊತ್ತು ಎಂಜಿನ್ನು ಗುರುಗುಟ್ಟಿಸುತ್ತಾ ನಿಂತ. ಆಮೇಲೆ ಹೋದ.

ಬಸ್‍ಸ್ಟ್ಯಾಂಡಿನಲ್ಲಿ ಇಬ್ಬರೂ ಮಂಡಕ್ಕಿ ಮಿರ್ಚಿ ತಿಂದೆವು. ಲಿಂಗಸುಗೂರಿನ ಬಸ್ಸು ಬಂತು, ಮಸ್ಕಿಯ ಮೇಲೆ ಹೋಗುವಂಥದ್ದು. ಅತ್ತೆ ಕಿಟಕಿಯ ಪಕ್ಕ ಕೂತಳು. ನಾನು ಅವಳ ಹೆಗಲಿಗೆ ತಲೆ ಆನಿಸಿ, ಅತ್ತಿ, ನನ್ನ ಸಲುವಾಗಿ ಅಷ್ಟು ಮಂದಿಯಲ್ಲಿ ಎದ್ದು ನಿಂತೆಯಲ್ಲ, ನಿನ್ನ ಉಪಕಾರ ಹೇಗೆ ತೀರಿಸಲಿ ಎಂದೆ.

"ನಿನ್ನ ಸಲುವಾಗಿ ಅಲ್ಲಬೇ," ಎಂದಳು. "ಆ ಬಾಗಿಲಾ ಒಳಗ ನಾನೂ ಇದ್ದೆ."

ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿ ಅವಳ ಕೈಯ ರೊಟ್ಟಿ ತಿಂದಿದ್ದೆ. ನನ್ನ ನೂರ ಹನ್ನೊಂದು ಪದದಲ್ಲಿ ಒಂದರಲ್ಲೂ ಅವಳು ಇರಲಿಲ್ಲ. ಅಂದು ಹಾಡಿದ ಹಾಡಿನಲ್ಲೂ ನಾನು ನನ್ನನ್ನೊಬ್ಬಳನ್ನೇ ಕೂರಿಸಿಕೊಂಡಿದ್ದೆ. ಆದರೂ ಅವಳು ಅದರೊಳಗೆ ತನ್ನ ಜಾಗ ಹುಡುಕಿಕೊಂಡಿದ್ದಳು.

ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ. ನಾನು ಮಸ್ಕಿ ಎರಡು ಅನ್ನುವಷ್ಟರಲ್ಲಿ ಅತ್ತೆ ತನ್ನ ಆಧಾರ್ ಕಾರ್ಡು ಮುಂದೆ ಚಾಚಿ, ತನಗೆ ಲಿಂಗಸುಗೂರು ಕೊಡು ಎಂದಳು. ಅಲ್ಲಿ ಅವಳ ತಂಗಿಯ ಮನೆ ಇದೆ. ಮಾಮನಿಗೂ ಆ ತಂಗಿಯ ಗಂಡನಿಗೂ ಯಾವ ಕಾಲದಲ್ಲೋ ಮಾತು ಬಿಟ್ಟುಹೋಗಿ, ಒಂಬತ್ತು ವರ್ಷದಿಂದ ಅಕ್ಕತಂಗಿಯರು ಮುಖ ನೋಡಿರಲಿಲ್ಲ. ಮನೆ ಗೊತ್ತೇನು ಎಂದು ಕೇಳಿದೆ. ಗೊತ್ತಿಲ್ಲ, ಕೇಳಿಕೊಂಡು ಹೋದರಾಯಿತು ಎಂದಳು.

ನನಗೂ ಲಿಂಗಸುಗೂರೇ ಕೊಡಿ ಎಂದೆ.